ಲಜ್ಜೆಯೂ ಆತ್ಮಗೌರವವೂ

ತರಗತಿಯಲ್ಲಿ ಉಪಾಧ್ಯಾಯರು ಒಂದು ಪ್ರಶ್ನೆ ಕೇಳುತ್ತಾರೆ. ವಿದ್ಯಾರ್ಥಿಯೊಬ್ಬನು ಉತ್ಸಾಹದಿಂದ ಎದ್ದು ತಪ್ಪು ಉತ್ತರ ಹೇಳುತ್ತಾನೆ. ಹಿಂದಿನ ಬೆಂಚಿನಿಂದ ನಗೆ ಕೇಳಿಬರುತ್ತದೆ. ಒಡನೆಯೇ ಅವನ ಕಿವಿ ಬಿಸಿಯಾಗುತ್ತದೆ; ತಲೆ ತಾನಾಗಿಯೇ ಬಾಗುತ್ತದೆ; ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೆ ಎನ್ನಿಸುತ್ತದೆ. ಯಾರೂ ಅವನನ್ನು ಹೊಡೆದಿಲ್ಲ, ಬೈದೂ ಇಲ್ಲ. ಆದರೂ ಅವನ ದೇಹವು ಪೆಟ್ಟು ತಿಂದಂತೆಯೇ ವರ್ತಿಸುತ್ತದೆ. ನಾಲ್ಕು ಜನರ ನಗೆಗೆ ಇಷ್ಟು ಶಕ್ತಿ ಎಲ್ಲಿಂದ ಬಂದಿತು? ಈ ಭಾವವು ಮನುಷ್ಯನು ತನ್ನ ಬಗ್ಗೆ ಇಟ್ಟುಕೊಂಡಿರುವ ಗೌರವವನ್ನು ಹೇಗೆ ಕುಗ್ಗಿಸುತ್ತದೆ? ಮನಶ್ಶಾಸ್ತ್ರವು ಈ ಪ್ರಶ್ನೆಗಳಿಗೆ ಏನು ಹೇಳುತ್ತದೆಂಬುದನ್ನು ನೋಡೋಣ.

ಮುಖವೇಕೆ ಕೆಂಪೇರುತ್ತದೆ?

ಜೀವವಿಕಾಸವಾದದ ಪ್ರವರ್ತಕರಾದ ಚಾರ್ಲ್ಸ್ ಡಾರ್ವಿನ್ನರು 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಪ್ರಕಟನೆಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದರು. ಅದರಲ್ಲಿ ಒಂದು ಅಧ್ಯಾಯವು ನಾಚಿಕೆಯಿಂದ ಮುಖ ಕೆಂಪೇರುವುದಕ್ಕೇ ಮೀಸಲಾಗಿದೆ. ಭಾವಪ್ರಕಟನೆಗಳಲ್ಲೆಲ್ಲ ಮನುಷ್ಯನಿಗೆ ಅತ್ಯಂತ ವಿಶಿಷ್ಟವಾದುದು ಇದೇ ಎಂಬುದು ಅವರ ಅಭಿಪ್ರಾಯ. ಕಚಗುಳಿಯಿಟ್ಟು ಒಬ್ಬನನ್ನು ನಗಿಸಬಹುದು, ಪೆಟ್ಟು ಕೊಟ್ಟು ಅಳಿಸಬಹುದು. ಆದರೆ ಯಾವ ಭೌತಿಕ ಕ್ರಿಯೆಯಿಂದಲೂ ಅವನನ್ನು ನಾಚಿಸಲಾಗದು. ಇತರರು ತನ್ನ ಬಗ್ಗೆ ಏನೆಂದುಕೊಂಡಾರು ಎಂಬ ಆಲೋಚನೆಯೇ ಅದಕ್ಕೆ ಕಾರಣವಾಗಬೇಕು.

ತಲೆ ತಗ್ಗಿಸುವುದನ್ನು ನಾವು ಇತರರನ್ನು ನೋಡಿ ಕಲಿಯುತ್ತೇವೆಯೆ? 2004ರ ಅಥೆನ್ಸ್ ಒಲಿಂಪಿಕ್ ಮತ್ತು ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ತೆಗೆದ ಜೂಡೋ ಸ್ಪರ್ಧಿಗಳ ಭಾವಚಿತ್ರಗಳನ್ನು ಜೆಸಿಕಾ ಟ್ರೇಸಿ ಮತ್ತು ಡೇವಿಡ್ ಮತ್ಸುಮೊಟೊ ಎಂಬ ಮನಶ್ಶಾಸ್ತ್ರಜ್ಞರು ಪರಿಶೀಲಿಸಿ, 2008ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೋತಾಗ ಭುಜಗಳನ್ನು ಇಳಿಬಿಟ್ಟು ಎದೆಯನ್ನು ಕುಗ್ಗಿಸುವ ಭಂಗಿಯು ಹುಟ್ಟುಕುರುಡರಾದ ಸ್ಪರ್ಧಿಗಳಲ್ಲಿಯೂ ಕಂಡುಬಂದಿತು. ಅವರು ಅದನ್ನು ಯಾರಲ್ಲಿಯೂ ಕಂಡು ಅನುಕರಿಸಿದವರಲ್ಲ. ಆದುದರಿಂದ ಲಜ್ಜೆಯ ದೇಹಭಾಷೆಯು ಬಹುಮಟ್ಟಿಗೆ ಹುಟ್ಟಿನಿಂದಲೇ ಬಂದುದೆಂದು ತಿಳಿಯಬಹುದು.

ಇತರರೆಂಬ ಕನ್ನಡಿ

ಆದರೆ ಹಸುಗೂಸಿಗೆ ನಾಚಿಕೆಯಿಲ್ಲ. ಮಗುವಿನ ಮೂಗಿಗೆ ಅದಕ್ಕೆ ತಿಳಿಯದಂತೆ ಕೆಂಪು ಬಣ್ಣ ಹಚ್ಚಿ ಕನ್ನಡಿಯ ಮುಂದೆ ನಿಲ್ಲಿಸಿದರೆ, ಸಾಮಾನ್ಯವಾಗಿ ಒಂದೂವರೆ ವರ್ಷದಿಂದ ಎರಡು ವರ್ಷದೊಳಗೆ ಅದು ಪ್ರತಿಬಿಂಬವನ್ನು ಬಿಟ್ಟು ತನ್ನ ಮೂಗನ್ನೇ ಮುಟ್ಟಿಕೊಳ್ಳಲು ಕಲಿಯುತ್ತದೆ. ‘ಇದು ನಾನು’ ಎಂಬ ಅರಿವು ಮೂಡಿದ ಬಳಿಕವೇ ಸಂಕೋಚವೂ ಲಜ್ಜೆಯೂ ತಲೆದೋರುತ್ತವೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಚಾರ್ಲ್ಸ್ ಕೂಲಿಯವರು 1902ರಲ್ಲಿ ಈ ‘ನಾನು’ ಎಂಬುದನ್ನು ಕನ್ನಡಿಯ ಬಿಂಬಕ್ಕೆ ಹೋಲಿಸಿದರು. ಇತರರ ಕಣ್ಣಿಗೆ ನಾವು ಹೇಗೆ ಕಾಣುತ್ತೇವೆಂದು ಮೊದಲು ಊಹಿಸುತ್ತೇವೆ. ಅವರು ಅದಕ್ಕೆ ಏನೆಂದು ತೀರ್ಪು ಕೊಟ್ಟಾರೆಂದು ಬಳಿಕ ಊಹಿಸುತ್ತೇವೆ. ಕೊನೆಗೆ ಆ ಊಹೆಗೆ ತಕ್ಕಂತೆ ಹೆಮ್ಮೆಪಡುತ್ತೇವೆ ಅಥವಾ ಕುಗ್ಗುತ್ತೇವೆ. ಇಲ್ಲಿ ಗಮನಿಸಬೇಕಾದುದೇನೆಂದರೆ, ಈ ಮೂರು ಮೆಟ್ಟಿಲುಗಳಲ್ಲಿ ಮೊದಲಿನ ಎರಡೂ ಬರಿಯ ಊಹೆಗಳು.

ತಪ್ಪು ಬೇರೆ, ತಪ್ಪು ಮಾಡಿದವನು ಬೇರೆ

ನಾಚಿಕೆಯನ್ನೂ ಪಶ್ಚಾತ್ತಾಪವನ್ನೂ ನಾವು ಮಾತಿನಲ್ಲಿ ಒಂದೇ ಎಂಬಂತೆ ಬಳಸುತ್ತೇವೆ. ಇವೆರಡರ ಭೇದವನ್ನು ಹೆಲೆನ್ ಬ್ಲಾಕ್ ಲೂಯಿಸ್ ಎಂಬ ಮನಶ್ಶಾಸ್ತ್ರಜ್ಞೆಯು 1971ರಲ್ಲಿ ಸ್ಪಷ್ಟಪಡಿಸಿದರು. ಪಶ್ಚಾತ್ತಾಪದ ದೃಷ್ಟಿ ಕೃತ್ಯದ ಮೇಲೆ. ಲಜ್ಜೆಯ ದೃಷ್ಟಿ ಕರ್ತೃವಿನ ಮೇಲೆ.

ಗೆಳೆಯನಿಂದ ಎರವಲು ತಂದ ಪುಸ್ತಕವನ್ನು ಇಬ್ಬರು ಹುಡುಗರು ಕಳೆದರೆಂದು ಭಾವಿಸೋಣ. ಒಬ್ಬನು, ‘ನಾನು ಅಜಾಗರೂಕನಾಗಿದ್ದೆ, ಬೇರೆ ಪುಸ್ತಕ ಕೊಡಿಸಬೇಕು’ ಎಂದುಕೊಳ್ಳುತ್ತಾನೆ. ಇನ್ನೊಬ್ಬನು, ‘ನಾನೇ ಯಾತಕ್ಕೂ ಬಾರದವನು, ಇನ್ನು ಅವನ ಮುಖ ನೋಡುವುದು ಹೇಗೆ?’ ಎಂದು ಕೊರಗುತ್ತಾನೆ. ಮೊದಲನೆಯವನು ಕ್ಷಮೆ ಕೇಳುತ್ತಾನೆ. ಎರಡನೆಯವನು ಬೀದಿ ಬದಲಿಸಿ ನಡೆಯುತ್ತಾನೆ. ಪುಸ್ತಕದೊಡನೆ ಗೆಳೆತನವೂ ಹೋಗುತ್ತದೆ. ಸುಲಭವಾಗಿ ಲಜ್ಜೆಗೊಳಗಾಗುವವರು ಎಷ್ಟೋ ವೇಳೆ ಸಿಟ್ಟಿಗೆದ್ದು ತಪ್ಪನ್ನು ಇತರರ ಮೇಲೆ ಹೊರಿಸುವುದೂ ಉಂಟೆಂದು ಜೂನ್ ಟ್ಯಾಂಗ್ನಿಯವರ ಸಂಶೋಧನೆಗಳು ತೋರಿಸಿವೆ. ಸಹಿಸಲಾರದ ನೋವನ್ನು ಕೊಡವಿಕೊಳ್ಳುವ ಬಗೆ ಇದು.

ಆತ್ಮಗೌರವದ ಲೆಕ್ಕ

ವಿಲಿಯಂ ಜೇಮ್ಸರು 1890ರಲ್ಲಿ ಆತ್ಮಗೌರವವನ್ನು ಒಂದು ಭಿನ್ನರಾಶಿಯಾಗಿ ನಿರೂಪಿಸಿದರು: ಸಾಧನೆಯನ್ನು ಆಕಾಂಕ್ಷೆಯಿಂದ ಭಾಗಿಸಿದರೆ ಬರುವ ಭಾಗಲಬ್ಧವೇ ಆತ್ಮಗೌರವ. ನೂರಕ್ಕೆ 70 ಅಂಕ ಪಡೆದವರಿಬ್ಬರಲ್ಲಿ 60ನ್ನು ಬಯಸಿದ್ದವನು ಹಿಗ್ಗುತ್ತಾನೆ. 95ನ್ನು ಬಯಸಿದ್ದವನು ಕುಗ್ಗುತ್ತಾನೆ. ಆ 95ನ್ನು ನಿಗದಿಮಾಡಿದವರು ಯಾರು? ಹಲವು ವೇಳೆ ನೆರೆಹೊರೆಯವರು, ನೆಂಟರು.

ನ್ಯೂಯಾರ್ಕ್ ಸಂಸ್ಥಾನದ 5,000ಕ್ಕೂ ಹೆಚ್ಚು ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಅಧ್ಯಯನ ಮಾಡಿದ ಮಾರಿಸ್ ರೋಸೆನ್‌ಬರ್ಗರು 1965ರಲ್ಲಿ ಆತ್ಮಗೌರವವನ್ನು ಅಳೆಯಲು ಹತ್ತು ವಾಕ್ಯಗಳ ಒಂದು ಮಾಪಕವನ್ನು ಪ್ರಕಟಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ತಾನು ಇತರರಿಗಿಂತ ಮೇಲೆಂಬ ಅಹಂಕಾರವು ಆತ್ಮಗೌರವವಲ್ಲ; ಕೊರತೆಗಳಿದ್ದರೂ ತನಗೊಂದು ಬೆಲೆಯುಂಟೆಂಬ ನಂಬಿಕೆಯೇ ಆತ್ಮಗೌರವವೆಂದು ಅವರು ಭಾವಿಸಿದರು.

ಲಜ್ಜೆಯು ಪೆಟ್ಟುಕೊಡುವುದು ಈ ನಂಬಿಕೆಗೇ. ನಾಚಿದವನು ಅಡಗುತ್ತಾನೆ, ಅಡಗಿದವನು ಸಂದೇಹ ಕೇಳುವುದಿಲ್ಲ, ಕೇಳದವನು ಕಲಿಯುವುದಿಲ್ಲ, ಕಲಿಯದೆ ಮತ್ತೆ ಸೋತಾಗ, ಆ ಸೋಲೇ ತನ್ನ ಅಯೋಗ್ಯತೆಗೆ ಸಾಕ್ಷಿಯೆಂದುಕೊಳ್ಳುತ್ತಾನೆ. ಹೀಗೆ ಲಜ್ಜೆಯು ಆತ್ಮಗೌರವವನ್ನು ಕುಗ್ಗಿಸುತ್ತದೆ. ಕುಗ್ಗಿದ ಆತ್ಮಗೌರವವು ಲಜ್ಜೆಗೆ ದಾರಿ ಮಾಡಿಕೊಡುತ್ತದೆ.

ದೇಹವೂ ಇದರಲ್ಲಿ ಪಾಲುಗೊಳ್ಳುತ್ತದೆ. ಪ್ರಯೋಗಶಾಲೆಗಳಲ್ಲಿ ನಡೆದ 208 ಅಧ್ಯಯನಗಳನ್ನು ಸ್ಯಾಲಿ ಡಿಕರ್ಸನ್ ಮತ್ತು ಮಾರ್ಗರೆಟ್ ಕೆಮೆನಿ 2004ರಲ್ಲಿ ಒಟ್ಟುಗೂಡಿಸಿ ನೋಡಿದರು. ತನ್ನ ಹಿಡಿತಕ್ಕೆ ಸಿಗದ ಕೆಲಸವನ್ನು ಇತರರ ವಿಮರ್ಶಕ ದೃಷ್ಟಿಯ ಮುಂದೆ ಮಾಡಬೇಕಾಗಿ ಬಂದಾಗಲೇ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ಅತಿ ಹೆಚ್ಚಾಗಿ ಏರುತ್ತದೆಂದು ತಿಳಿದುಬಂದಿತು.

ಪರಿಹಾರವೇನು?

ಲಜ್ಜೆಯನ್ನು ಬೇರುಸಹಿತ ಕಿತ್ತೆಸೆಯಬೇಕಾಗಿಲ್ಲ. ಗುಂಪಿನಲ್ಲಿ ಬಾಳುವ ಜೀವಿಗೆ ನಾಲ್ಕು ಜನರ ಮಾತಿನ ಲಕ್ಷ್ಯವೂ ಬೇಕು. ಆದರೆ ಆ ನಾಲ್ಕು ಜನ ನಾವೆಣಿಸಿದಷ್ಟು ನಮ್ಮನ್ನು ಗಮನಿಸುವುದಿಲ್ಲ. ಕಾರ್ನೆಲ್ ವಿಶ್ವವಿದ್ಯಾನಿಲಯದ ಸಂಶೋಧಕರು ವಿದ್ಯಾರ್ಥಿಗಳಿಗೆ ಮುಜುಗರ ಹುಟ್ಟಿಸುವಂಥ ಚಿತ್ರವಿದ್ದ ಅಂಗಿಯನ್ನು ತೊಡಿಸಿ ಇತರರಿದ್ದ ಕೊಠಡಿಗೆ ಕಳುಹಿಸಿದರು. ಅಲ್ಲಿದ್ದವರಲ್ಲಿ ಅರ್ಧದಷ್ಟು ಜನ ತಮ್ಮ ಅಂಗಿಯನ್ನು ಗುರುತಿಸಿರಬೇಕೆಂದು ತೊಟ್ಟವರು ಊಹಿಸಿದರು; ಗುರುತಿಸಿದವರು ಸುಮಾರು ಕಾಲುಭಾಗ ಮಾತ್ರ. ಈ ಪ್ರಯೋಗದ ವರದಿ ಬಂದುದು 2000ದಲ್ಲಿ.

ತನ್ನನ್ನು ತಾನೇ ಹಳಿದುಕೊಂಡರೆ ಶ್ರದ್ಧೆ ಹೆಚ್ಚುತ್ತದೆಂಬುದೂ ತಪ್ಪು ನಂಬಿಕೆ. 2012ರಲ್ಲಿ ಪ್ರಕಟವಾದ ಜೂಲಿಯಾನ ಬ್ರೈನ್ಸ್ ಮತ್ತು ಸೆರೀನಾ ಚೆನ್ ಅವರ ಪ್ರಯೋಗವೊಂದರಲ್ಲಿ, ಕಠಿಣ ಪರೀಕ್ಷೆಯಲ್ಲಿ ಸೋತ ಬಳಿಕ ತಮ್ಮ ವಿಷಯದಲ್ಲಿ ಕರುಣೆಯಿಂದಿರುವಂತೆ ಪ್ರೇರಿತರಾದ ವಿದ್ಯಾರ್ಥಿಗಳೇ ಮುಂದಿನ ಪರೀಕ್ಷೆಗೆ ಹೆಚ್ಚು ಹೊತ್ತು ಓದಿದರು.

ಹಿರಿಯರೂ ಇದನ್ನು ನೆನಪಿಡಬೇಕು. ‘ಈ ಲೆಕ್ಕ ತಪ್ಪಿದೆ’ ಎಂಬ ಮಾತಿನಲ್ಲಿ ತಿದ್ದುವುದಕ್ಕೆ ದಾರಿಯಿದೆ. ‘ನೀನು ದಡ್ಡ’ ಎಂಬುದರಲ್ಲಿ ಇಲ್ಲ. ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಈ ಭೇದವು ಪ್ರಾಣವನ್ನೂ ಉಳಿಸಬಲ್ಲುದು. ಲಜ್ಜೆಯು ಬೆಳೆಯುವುದು ಮೌನದಲ್ಲಿ. ಆದುದರಿಂದ ಬದುಕು ಬೇಡವೆನ್ನಿಸುವಷ್ಟು ಮನಸ್ಸು ಕುಗ್ಗಿದಾಗ ನಂಬಿಕೆಯ ಒಬ್ಬರೊಡನೆ ತಡಮಾಡದೆ ಮಾತನಾಡಬೇಕು. ಭಾರತ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ದೂರವಾಣಿ ಸೇವೆ ಇದಕ್ಕಾಗಿಯೇ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇದರ ಪ್ರಧಾನ ಕೇಂದ್ರ. 14416 ಸಂಖ್ಯೆಗೆ ಶುಲ್ಕವಿಲ್ಲದೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.