ಸಾಣೆ ಹಿಡಿದವರು ಯಾರು?

ಅಮೆರಿಕದಲ್ಲಿ ಹಳೆಯ ಮನೆಗಳ ಸಾಮಾನು ಮಾರಾಟಕ್ಕೆ ಬಂದಾಗ ಮೈತುಂಬ ನಕ್ಷತ್ರ, ಬೀಸಣಿಗೆ, ವಜ್ರದ ಚೌಕುಳಿ ಕೊರೆದ ಗಾಜಿನ ಹೂದಾನಿಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಎತ್ತಿದರೆ ನೋಟಕ್ಕಿಂತ ಹೆಚ್ಚು ಭಾರ. ಕೊಂಡವರು ಮೊದಲು ಅದನ್ನು ಬೋರಲು ಹಾಕಿ ತಳದಲ್ಲಿ ಕಂಪನಿಯ ಹೆಸರು ಹುಡುಕುತ್ತಾರೆ. ಬಹಳ ಸಲ ಅಲ್ಲಿ ಏನೂ ಇರುವುದಿಲ್ಲ. ಹೆಸರಿಲ್ಲದ ಮೇಲೆ ಸಾಧಾರಣ ಮಾಲೇ ಇರಬೇಕು ಎಂದು ಅದನ್ನು ಬದಿಗಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

1876ರ ಫಿಲಡೆಲ್ಫಿಯಾ ಶತಮಾನೋತ್ಸವ ಪ್ರದರ್ಶನದಿಂದ ಮೊದಲನೇ ಮಹಾಯುದ್ಧದವರೆಗಿನ ಅವಧಿಯನ್ನು ಗಾಜು ಕೊರೆಯುವ ಈ ಕಲೆಯ ‘ಬ್ರಿಲಿಯಂಟ್’ ಕಾಲ ಎನ್ನುತ್ತಾರೆ. ಸೀಸ ಬೆರೆಸಿದ ದಪ್ಪ ಗಾಜು, ಆಳವಾದ ಕೆತ್ತನೆ. ಸೀಸವಿದ್ದರೆ ಗಾಜು ಸಾಣೆಗೆ ಸುಲಭವಾಗಿ ಒಗ್ಗುತ್ತದೆ, ಬೆಳಕನ್ನೂ ಹೆಚ್ಚು ಬಾಗಿಸುತ್ತದೆ. ಆ ಕಾಲದ ಅತಿ ದೊಡ್ಡ ಹೆಸರುಗಳಲ್ಲೊಂದು ಕ್ರಿಶ್ಚಿಯನ್ ಡಾರ್ಫ್ಲಿಂಗರ್. ಫ್ರಾನ್ಸಿನ ಅಲ್ಸಾಸ್‌ನಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾದ ವೈಟ್ ಮಿಲ್ಸ್‌ನಲ್ಲಿ ಕಾರ್ಖಾನೆ ಕಟ್ಟಿದವರು. ಲಿಂಕನ್ ಕಾಲದಲ್ಲೂ, ಮತ್ತೆ 1891ರಲ್ಲಿ ಬೆಂಜಮಿನ್ ಹ್ಯಾರಿಸನ್ ಕಾಲದಲ್ಲೂ ಶ್ವೇತಭವನದ ಊಟದ ಮೇಜಿಗೆ ಗಾಜಿನ ಸಾಮಾನು ಹೋದದ್ದು ಅವರಿಂದಲೇ. ಆದರೆ ಅವರು ಕೆತ್ತಿದ ಗಾಜಿನ ಮೇಲೆ ಹೆಸರು ಅಚ್ಚೊತ್ತುತ್ತಿರಲಿಲ್ಲ. ಕಾಗದದ ಚೀಟಿ ಅಂಟಿಸುತ್ತಿದ್ದರು. ಮೊದಲ ಸಲ ತೊಳೆದಾಗಲೇ ಚೀಟಿ ಹೋಯಿತು. ಅಧ್ಯಕ್ಷರಿಗೆ ಗಾಜು ಮಾಡಿಕೊಟ್ಟವರದೇ ಈ ಕಥೆಯಾದರೆ, ಮುದ್ರೆಯಿಲ್ಲ ಎಂಬ ಒಂದೇ ಕಾರಣಕ್ಕೆ ಹೂದಾನಿಯನ್ನು ಕಡೆಗಣಿಸುವುದು ಅನ್ಯಾಯ.

ಮುದ್ರೆ ಇದ್ದರೂ ಎಚ್ಚರ ಬೇಕು. ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಊರಿನ ಜೆ. ಹೋರ್ ಕಂಪನಿಯ ವೃತ್ತಾಕಾರದ ಮುದ್ರೆಯಲ್ಲಿ 1853 ಎಂದಿದೆ. ಎಷ್ಟೋ ಜನ ಅದನ್ನೇ ಹೂದಾನಿಯ ಇಸವಿ ಎಂದು ಓದಿಬಿಡುತ್ತಾರೆ, ಅದು ಕಂಪನಿ ತನ್ನ ಹುಟ್ಟಿಗೆ ಕೊಟ್ಟುಕೊಂಡ ವರ್ಷ. ಬೆಲೆ ಏರಿಸಲು ಹಳೆಯ ಗಾಜಿಗೆ ಹೊಸದಾಗಿ ಆಮ್ಲದಲ್ಲಿ ಹೆಸರು ಒತ್ತುವವರೂ ಇದ್ದಾರೆ. ಭೂತಗನ್ನಡಿ ಹಿಡಿದು ನೋಡಿ: ತಳದ ಸವೆತದ ಗೀರುಗಳು ಮುದ್ರೆಯ ಮೇಲೆ ಹಾದುಹೋಗಿದ್ದರೆ ಅದು ಹಳೆಯದು, ಗೀರುಗಳ ಮೇಲೆ ಮುದ್ರೆ ಕೂತಿದ್ದರೆ ಅನುಮಾನಿಸಬೇಕು.

ಹಾಗಾದರೆ ಯಾವುದನ್ನು ನಂಬುವುದು? ಗಾಜಿನ ಆಕಾರವನ್ನಂತೂ ಅಲ್ಲ. ಊದುವ ಕಾರ್ಖಾನೆ ಒಂದು, ಕೊರೆಯುವ ಅಂಗಡಿ ಇನ್ನೊಂದು ಎಂಬುದು ಆಗಿನ ರೂಢಿ. ಕಾರ್ನಿಂಗ್ ಗ್ಲಾಸ್ ವರ್ಕ್ಸ್‌ನಿಂದ ಹೊರಟ ಒಂದೇ ಬಗೆಯ ಬರಿಗಾಜು ಹೋರ್ ಅವರಲ್ಲಿಗೂ ಹೋಗುತ್ತಿತ್ತು, ಹಾಕ್ಸ್ ಅವರಲ್ಲಿಗೂ ಹೋಗುತ್ತಿತ್ತು. ಐರ್ಲೆಂಡಿನಿಂದ ಬಂದ ಥಾಮಸ್ ಹಾಕ್ಸ್ ಮೊದಲು ಹೋರ್ ಬಳಿ ಕೆಲಸಕ್ಕಿದ್ದು, 1880ರಲ್ಲಿ ಸ್ವಂತ ಕಾರ್ಖಾನೆ ತೆರೆದವರು. ಸಾಣೆಗಾರರೂ ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರುತ್ತಿದ್ದರು. ಆದ್ದರಿಂದ ತಯಾರಕರು ಯಾರು ಎಂಬುದನ್ನು ಕೆತ್ತನೆಯಲ್ಲಿಯೇ ಓದಬೇಕು.

ಆ ಓದಿಗೆ ಕೆಲಸದ ಕ್ರಮ ಗೊತ್ತಿರಬೇಕು. ಬರಿಗಾಜಿನ ಮೇಲೆ ಗೆರೆ ಎಳೆದುಕೊಂಡು, ತಿರುಗುವ ಕಬ್ಬಿಣದ ಚಕ್ರಕ್ಕೆ ಒದ್ದೆ ಮರಳು ಹನಿಸುತ್ತ ಒರಟಾಗಿ ಕೊರೆಯುತ್ತಿದ್ದರು. ಆಮೇಲೆ ಕಲ್ಲಿನ ಚಕ್ರದಲ್ಲಿ ನಯ, ಕೊನೆಗೆ ಮರದ ಚಕ್ರದಲ್ಲಿ ಪುಡಿ ಸವರಿ ಹೊಳಪು. ಗಾಜನ್ನು ಚಕ್ರದ ಮೇಲ್ಭಾಗಕ್ಕೆ ಒತ್ತಿ ಹಿಡಿಯುತ್ತಿದ್ದರಿಂದ, ಕೊರೆಯುತ್ತಿರುವ ಜಾಗವನ್ನು ಸಾಣೆಗಾರ ಗಾಜಿನ ಒಳಗಿನಿಂದಲೇ ನೋಡಬೇಕಾಗಿತ್ತು. ಕಿರಿದಾದ ಕೊರಳಿನ ಹೂದಾನಿಯಲ್ಲಿ ಇದು ಎಂಥ ಕಷ್ಟವೆಂದು ಯೋಚಿಸಿ. ಮರದ ಚಕ್ರದ ಹೊಳಪು ಕೆತ್ತನೆಯ ತಳದಲ್ಲಿ ಕೂದಲೆಳೆಯಂಥ ಗೆರೆಗಳನ್ನು ಉಳಿಸುತ್ತದೆ. ಮುಂದೆ ಖರ್ಚು ಉಳಿಸಲು ಗಾಜನ್ನು ಆಮ್ಲದಲ್ಲಿ ಅದ್ದಿ ಹೊಳಪು ಕೊಡುವುದು ರೂಢಿಯಾಯಿತು; ಆಗ ಆ ಗೆರೆಗಳೂ ಅಳಿಸಿಹೋದವು, ಮೊನೆಗಳೂ ತುಸು ಮೊಂಡಾದವು. ಬೆರಳಿಗೆ ಚುಚ್ಚುವಂಥ ಮೊನೆ, ಒಳಗೆ ಸಣ್ಣ ಗೆರೆ ಇದ್ದರೆ ಹೂದಾನಿ ಆ ಕಾಲದ ಮೊದಲ ಭಾಗಕ್ಕೆ ಸೇರಿರುವ ಸಂಭವ ಹೆಚ್ಚು.

ಇದು ಕಾಲದ ಮಾತು. ಹೆಸರಿಗೆ ಬರಬೇಕಾದರೆ ವಿನ್ಯಾಸವನ್ನು ಬಿಡಿಸಿ ನೋಡಬೇಕು: ನಕ್ಷತ್ರಕ್ಕೆ ಎಷ್ಟು ಮೊನೆ, ನಡುವಿನ ಗುಬುಟು ಬರಿದೋ ಕೆತ್ತಿದ್ದೋ, ಎರಡು ನಕ್ಷತ್ರಗಳ ನಡುವಿನ ಜಾಗವನ್ನು ಯಾವುದರಿಂದ ತುಂಬಿದ್ದಾರೆ, ಅಂಚಿನ ಗರಗಸದ ಹಲ್ಲು ಹೇಗಿದೆ. ಒಂದು ನಕ್ಷತ್ರವನ್ನು ಯಾರಾದರೂ ಕೊರೆದಾರು, ಜೋಡಣೆಯಲ್ಲಿ ಮನೆತನ ಕಾಣುತ್ತದೆ. ಹೋಲಿಸಲು ಆಧಾರ ಎರಡು: ಹಳೆಯ ಪೇಟೆಂಟ್ ಚಿತ್ರಗಳು ಮತ್ತು ಕಂಪನಿಗಳ ಮಾರಾಟದ ಕೆಟಲಾಗ್‌ಗಳು. ಅಮೆರಿಕನ್ ಕಟ್ ಗ್ಲಾಸ್ ಅಸೋಸಿಯೇಶನ್ ಎಷ್ಟೋ ಕೆಟಲಾಗ್‌ಗಳನ್ನು ಮರುಮುದ್ರಿಸಿದೆ. ಕಾರ್ನಿಂಗ್ ಗಾಜಿನ ಮ್ಯೂಸಿಯಂನ ರಾಕೋ ಗ್ರಂಥಾಲಯದಲ್ಲಿ ದೊಡ್ಡ ಸಂಗ್ರಹವಿದೆ. ಪೇಟೆಂಟ್ ಚಿತ್ರಗಳಲ್ಲಿ ಹೆಚ್ಚಾಗಿ ಇರುವುದು ತಟ್ಟೆ ಅಥವಾ ಬಟ್ಟಲು. ಅದೇ ವಿನ್ಯಾಸ ಎತ್ತರದ ಹೂದಾನಿಗೆ ಏರಿದಾಗ ಉದ್ದಕ್ಕೆ ಎಳೆದುಕೊಂಡು ಗುರುತೇ ಸಿಗದಂತಾಗುತ್ತದೆ. ಒಳಗೆ ಕಪ್ಪು ಬಟ್ಟೆ ಇಟ್ಟು ಫೋಟೊ ತೆಗೆದರೆ ಹಿಂಬದಿಯ ಕೆತ್ತನೆ ಬೆರೆಯದೆ ಮುಂದಿನದು ಸ್ಪಷ್ಟವಾಗುತ್ತದೆ.

ಚಿತ್ರ ಹೊಂದಿದರೂ ಅವಸರ ಬೇಡ. ‘ರಷ್ಯನ್’ ವಿನ್ಯಾಸಕ್ಕೆ 1882ರಲ್ಲಿ ಪೇಟೆಂಟ್ ಪಡೆದದ್ದು ಹಾಕ್ಸ್ ಕಾರ್ಖಾನೆಗಾಗಿ ಫಿಲಿಪ್ ಮೆಕ್‌ಡೊನಾಲ್ಡ್. ಆದರೆ ಡಾರ್ಫ್ಲಿಂಗರ್ 1891ರಲ್ಲಿ ಶ್ವೇತಭವನಕ್ಕೆ ಕೊರೆದುಕೊಟ್ಟದ್ದೂ ಅದೇ ರಷ್ಯನ್, ಜೊತೆಗೆ ದೇಶದ ಲಾಂಛನ. ಜನ ಮೆಚ್ಚಿದ ವಿನ್ಯಾಸವನ್ನು ಹತ್ತಾರು ಅಂಗಡಿಗಳು ಕೊರೆದವು. ಆದ್ದರಿಂದ ಮುದ್ರೆಯಿಲ್ಲದ ರಷ್ಯನ್ ಹೂದಾನಿ ಕೈಗೆ ಬಂದರೆ, ಅದನ್ನು ಹಾಕ್ಸ್ ಎಂದು ಮಾರುವುದನ್ನು ನಾನು ಒಪ್ಪಲಾರೆ. ಚೀಟಿಯಲ್ಲಿ ‘ಅಮೆರಿಕ, ರಷ್ಯನ್ ವಿನ್ಯಾಸ, ಕೈ ಹೊಳಪು, ತಯಾರಕರು ತಿಳಿಯದು’ ಎಂದು ಬರೆಯಬೇಕು. ಅದರ ಕೆಳಗೆ ಎತ್ತರ, ತೂಕ, ತಳದ ನಕ್ಷತ್ರದ ಮೊನೆಗಳ ಲೆಕ್ಕ ಸೇರಿಸಿಟ್ಟರೆ, ಮುಂದೆ ಯಾವುದಾದರೂ ಅಟ್ಟದಿಂದ ಹಳೆಯ ಕೆಟಲಾಗ್ ಹೊರಬಂದ ದಿನ ಹೋಲಿಸಿ ನೋಡಲು ಒಂದು ದಾರಿ ಇರುತ್ತದೆ.