ವಿಮಾನವನ್ನು ಹಿಂದಕ್ಕೆ ತಳ್ಳುವವರು ಯಾರು ಗೊತ್ತೆ?

ಮನ್ಮನೆ, ಶಿರಸಿ, ಯಲ್ಲಾಪುರದ ಕಡೆಯವರು ವಿಮಾನ ಹತ್ತಲು ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವುದುಂಟು. ಹೋದಾಗ ಕಿಟಕಿಯಿಂದ ಕೆಳಗೆ ನೋಡಿ. ನೆಲದ ಮೇಲಿನ ಕೆಲಸವೇ ಒಂದು ಸೊಗಸು.

ಕಟ್ಟಡಕ್ಕೆ ಮುಖಮಾಡಿ ನಿಂತ ಜೆಟ್ ವಿಮಾನ ಸಾಮಾನ್ಯವಾಗಿ ತಾನೇ ಹಿಂದೆ ಸರಿಯುವುದಿಲ್ಲ. ಎಂಜಿನ್ ಬಲದಿಂದ ಹಿಮ್ಮೆಟ್ಟಿದರೆ ಕಲ್ಲು-ಕಸ ಹಾರಿ ಅಪಾಯ. ಹಾಗಾಗಿ ಮುಂಚಕ್ರಕ್ಕೆ ಟ್ರ್ಯಾಕ್ಟರ್ ಜೋಡಿಸಿ ತಳ್ಳುತ್ತಾರೆ.

ನಿಂತ ವಿಮಾನಕ್ಕೆ ಕರೆಂಟು ಕೊಡುವ ಗಾಡಿಯೂ ಇದೆ. ನಮ್ಮ ಮನೆಯ ವಿದ್ಯುತ್ತು 50 ಹರ್ಟ್ಸ್. ವಿಮಾನಕ್ಕೆ ಬೇಕಾದದ್ದು 115 ವೋಲ್ಟ್, 400 ಹರ್ಟ್ಸ್. ಹರ್ಟ್ಸ್ ಹೆಚ್ಚಿದರೆ ಟ್ರಾನ್ಸ್‌ಫಾರ್ಮರ್, ಜನರೇಟರ್‌ಗಳನ್ನು ಹಗುರವಾಗಿ ಮಾಡಬಹುದು. ಆಕಾಶದಲ್ಲಿ ಒಂದೊಂದು ಕಿಲೋ ಭಾರಕ್ಕೂ ಇಂಧನ ಸುಡಬೇಕಲ್ಲ!

ಮತ್ತೆ ಟ್ರ್ಯಾಕ್ಟರ್ ವಿಷಯಕ್ಕೆ ಬಂದರೆ, ಗಣಿ ಯಂತ್ರ, ಮೆಟ್ರೊ ಬೋಗಿಗಳಿಗೆ ಹೆಸರಾದ, 1964ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಬಿಇಎಂಎಲ್ ಕಂಪನಿ ಕೂಡ ವಿಮಾನ ಎಳೆಯುವ ಟ್ರ್ಯಾಕ್ಟರ್ ತಯಾರಿಸಿದೆ.