ಬರ್ನಾರ್ಡ್ ಷಾ ಮತ್ತು ಹಬ್ಬುವ ನಗರ

ನಾಟಕಕಾರನೊಬ್ಬನ ಬಾಳಿಗೂ ನಗರಗಳ ಹರಹನ್ನು ಅಳೆಯುವ ಶಾಸ್ತ್ರಕ್ಕೂ ಏನು ನಂಟು ಎಂದು ಕೇಳುಗರಿಗೆ ಅನ್ನಿಸಬಹುದು. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಎಂ.ಎ. ತರಗತಿಗಳಲ್ಲಿ ಆಧುನಿಕ ನಾಟಕವನ್ನು ಪಾಠ ಹೇಳುವಾಗ ಇಬ್ಸನ್ನನ ಜೊತೆಗೆ ಬರ್ನಾರ್ಡ್ ಷಾನ ಹೆಸರನ್ನೆತ್ತಿ, ಅವನ ಮಾತಿನ ಮೊನಚನ್ನು ಹೊಗಳಿ ಮುಂದೆ ಸಾಗುತ್ತಿದ್ದೆ. ಆ ಮೊನಚಿನ ಹಿಂದೆ ಒಂದು ಮಹಾನಗರವೇ ನಿಂತಿದೆಯೆಂಬುದು ನನಗೆ ಹೊಳೆದದ್ದು ನಿವೃತ್ತಿಯ ಅನಂತರ.

ಷಾ ಹುಟ್ಟಿದ್ದು 1856ರಲ್ಲಿ, ಐರ್ಲೆಂಡಿನ ಡಬ್ಲಿನ್ನಿನಲ್ಲಿ. ತಂದೆ ಧಾನ್ಯದ ವ್ಯಾಪಾರಿ, ಕುಡಿತಕ್ಕೆ ಸೋತವನು. ಮನೆತನಕ್ಕೆ ಪ್ರತಿಷ್ಠೆಯಿತ್ತು, ಹಣವಿರಲಿಲ್ಲ. ಹದಿನೈದರ ಹರೆಯದಲ್ಲಿ ಹುಡುಗ ಜಮೀನುದಾರರ ವಹಿವಾಟು ನೋಡುವ ಕಚೇರಿಯೊಂದರಲ್ಲಿ ಗುಮಾಸ್ತನಾದ. ಬಡವರ ಮನೆಗಳಿಗೆ ಹೋಗಿ ಬಾಡಿಗೆ ವಸೂಲು ಮಾಡುವುದೂ ಆ ಕೆಲಸದ ಒಂದು ಭಾಗವಾಗಿತ್ತು. 1876ರಲ್ಲಿ ಅದನ್ನು ತೊರೆದು ಲಂಡನ್ನಿಗೆ ಬಂದ. ಬರೆದ ಐದು ಕಾದಂಬರಿಗಳನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಿಂದಿರುಗಿಸಿದರು. 1882ರಲ್ಲಿ ಹೆನ್ರಿ ಜಾರ್ಜ್ ಎಂಬ ಅಮೆರಿಕನ್ ಚಿಂತಕನ ಭಾಷಣವನ್ನು ಆತ ಕೇಳಿದ. ನೆಲದ ಬೆಲೆ ಏರುವುದು ಒಡೆಯನ ದುಡಿಮೆಯಿಂದಲ್ಲ, ಸುತ್ತಲಿನ ಜನಸಮುದಾಯದ ಬೆಳವಣಿಗೆಯಿಂದ. ಆದರೆ ಲಾಭ ಮಾತ್ರ ಒಡೆಯನದು ಎಂಬುದು ಜಾರ್ಜನ ವಾದದ ತಿರುಳು. ಬಾಡಿಗೆ ವಸೂಲು ಮಾಡಿದ್ದವನಿಗೆ ಆ ಮಾತು ತಾಗದಿರುತ್ತದೆಯೆ? 1884ರಲ್ಲಿ ಷಾ ಫೇಬಿಯನ್ ಸಂಘವನ್ನು ಸೇರಿದ.

ಆಗಿನ ಲಂಡನ್ ಹೇಗಿತ್ತು? 1801ರಲ್ಲಿ ಸುಮಾರು 10 ಲಕ್ಷವಿದ್ದ ಜನಸಂಖ್ಯೆ, ಹೊರವಲಯವೂ ಸೇರಿ, 1901ರ ವೇಳೆಗೆ 65 ಲಕ್ಷವನ್ನು ಮೀರಿತ್ತು. ರೈಲುಹಾದಿ ಹರಿದ ಕಡೆಗೆಲ್ಲ ಊರು ಹರಿಯಿತು. ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿ ಬೀದಿಬೀದಿಯ ಬಡತನವನ್ನು ಎಣಿಸಿ, ನಕ್ಷೆಗೆ ಬಣ್ಣ ತುಂಬಿದ. ಸಿರಿವಂತರ ಬೀದಿಗೆ ಹಳದಿ, ಕಡುಬಡವರ ಕೇರಿಗೆ ಕಪ್ಪು. ಮುಂದೆ 1915ರಲ್ಲಿ ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಗೆಡ್ಡಿಸ್, ಊರುಗಳು ಒಂದಕ್ಕೊಂದು ಕೂಡಿಕೊಂಡು ಬೆಳೆಯುವ ಈ ಪರಿಗೆ ‘ಕನರ್ಬೇಷನ್’ ಎಂಬ ಹೊಸ ಪದವನ್ನು ಕೊಟ್ಟ. ಮೂಲತಃ ಜೀವವಿಜ್ಞಾನಿಯಾದ ಆತ, 1919ರಿಂದ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಪ್ರಾಧ್ಯಾಪಕನೂ ಆಗಿದ್ದ. 1961ರಲ್ಲಿ ಜಾನ್ ಗಾಟ್‌ಮನ್ನನು ಅಮೆರಿಕದ ಬಾಸ್ಟನ್ನಿನಿಂದ ವಾಷಿಂಗ್ಟನ್ನಿನವರೆಗಿನ ನಗರಸರಣಿಯನ್ನು ‘ಮೆಗಲಾಪೊಲಿಸ್’ ಎಂಬ ಹೆಸರಿನಲ್ಲಿ ವಿವರಿಸಿದ. ಅಲ್ಲಿ ನೆಲೆಸಿದ್ದವರು ಸುಮಾರು 3 ಕೋಟಿ 70 ಲಕ್ಷ.

ಶಾಸ್ತ್ರಜ್ಞರು ಊರಿನ ಅಂಚನ್ನು ಅಳೆದರು. ಅಂಚು ಸರಿದಾಗ ಮನುಷ್ಯನ ಮನಸ್ಸು ಹೇಗೆ ಸರಿಯುತ್ತದೆಂಬುದನ್ನು ಷಾ ತೋರಿಸಿದ. 1892ರಲ್ಲಿ ರಂಗವೇರಿದ ಅವನ ಮೊದಲ ನಾಟಕ ‘ವಿಡೋಯರ್ಸ್ ಹೌಸಸ್’, ಅಂದರೆ ವಿಧುರರ ಮನೆಗಳು. ತರುಣ ವೈದ್ಯ ಟ್ರೆಂಚ್ ಸಿರಿವಂತ ಸಾರ್ಟೋರಿಯಸ್ಸನ ಮಗಳನ್ನು ಮೆಚ್ಚುತ್ತಾನೆ. ಭಾವೀ ಮಾವನ ಸಂಪತ್ತು ಕೊಳೆಗೇರಿಯ ಬಾಡಿಗೆಯೆಂದು ತಿಳಿದಾಗ, ಆ ಹಣ ತನಗೆ ಬೇಡವೆನ್ನುತ್ತಾನೆ. ಆಗ ಸಾರ್ಟೋರಿಯಸ್ ಶಾಂತವಾಗಿ ತಿಳಿಸುತ್ತಾನೆ: ಟ್ರೆಂಚನ ವರ್ಷಾಶನ 700 ಪೌಂಡು ಕೂಡ ಅದೇ ಮನೆಗಳ ಮೇಲಿನ ಅಡಮಾನದ ಬಡ್ಡಿ! ಇನ್ನೊಬ್ಬ ಲಿಕ್‌ಚೀಸ್, ಬಾಡಿಗೆ ವಸೂಲಿಯವನು. ಮುರಿದ ಮೆಟ್ಟಿಲ ದುರಸ್ತಿಗೆ ಹಣ ಖರ್ಚು ಮಾಡಿದನೆಂದು ಕೆಲಸ ಕಳೆದುಕೊಂಡವನು, ಕೊನೆಯ ಅಂಕದಲ್ಲಿ ಧನಿಕನಾಗಿ ಮರಳುತ್ತಾನೆ. ಹೊಸ ರಸ್ತೆ ಎಲ್ಲಿ ಹಾಯುವುದೆಂದು ಅವನಿಗೆ ಮೊದಲೇ ಗೊತ್ತು. ಮನೆಗಳನ್ನು ಈಗ ಸರಿಪಡಿಸಿದರೆ ಪರಿಹಾರಧನ ಹೆಚ್ಚು ಬರುತ್ತದೆಂಬುದು ಅವನ ಉಪಾಯ. ಟ್ರೆಂಚ್ ಒಪ್ಪುತ್ತಾನೆ, ಮದುವೆಯೂ ಕೂಡಿಬರುತ್ತದೆ.

ಷಾ ಬರೆದು ಸುಮ್ಮನಾದವನಲ್ಲ. 1897ರಿಂದ 1903ರವರೆಗೆ ಸೇಂಟ್ ಪ್ಯಾಂಕ್ರಾಸ್ ಪ್ರದೇಶದ ಸ್ಥಳೀಯ ಆಡಳಿತದಲ್ಲಿ ಸದಸ್ಯನಾಗಿ ಚರಂಡಿ, ನೈರ್ಮಲ್ಯಗಳ ಸಮಿತಿಗಳಲ್ಲಿ ದುಡಿದ. ಹೆಂಗಸರಿಗೆ ಸಾರ್ವಜನಿಕ ಶೌಚಾಲಯ ಬೇಕೆಂದು ವಾದಿಸಿದಾಗ ಸಭ್ಯರು ಮುಖ ಸಿಂಡರಿಸಿದರು. ಅದೇ ಕಾಲದಲ್ಲಿ ಎಬೆನೆಜರ್ ಹೊವಾರ್ಡನು ಉದ್ಯಾನನಗರದ ಕಲ್ಪನೆಯನ್ನು ಮುಂದಿಟ್ಟ. ನೆಲ ಎಲ್ಲರ ಹೆಸರಿನಲ್ಲಿರಬೇಕು, ಏರಿದ ಬೆಲೆ ಊರಿಗೇ ಮರಳಬೇಕು ಎಂಬುದು ಅದರ ಜೀವಾಳ. 1903ರಲ್ಲಿ ಲೆಚ್‌ವರ್ತ್, 1920ರಲ್ಲಿ ವೆಲ್ವಿನ್ ಹಾಗೆ ಹುಟ್ಟಿದವು. 1906ರಿಂದ ಷಾ ನೆಲೆಸಿದ್ದ ಏಯಟ್ ಸೇಂಟ್ ಲಾರೆನ್ಸ್ ಗ್ರಾಮ ವೆಲ್ವಿನ್ನಿಗೆ ಕೆಲವೇ ಮೈಲಿ ದೂರ. ಅಲ್ಲಿಯೇ 1950ರಲ್ಲಿ, ತನ್ನ 94ನೆಯ ವಯಸ್ಸಿನಲ್ಲಿ, ಆತ ತೀರಿಕೊಂಡ.

ಇನ್ನು ನನ್ನ ಮಾತು. ನಿವೃತ್ತಿಯ ಹಣದಲ್ಲಿ ಬೆಂಗಳೂರಿನ ಅಂಚಿನ ಹಳ್ಳಿಯೊಂದರಲ್ಲಿ ನಿವೇಶನ ನೋಡಲು ಹೋಗಿದ್ದೆ. ರಾಗಿಯ ಕೂಳೆ ಇನ್ನೂ ನೆಲದಲ್ಲಿತ್ತು. ದಲ್ಲಾಳಿ ದನಿ ತಗ್ಗಿಸಿ, “ಮೇಷ್ಟ್ರೇ, ಇಲ್ಲಿಗೆ ದೊಡ್ಡ ರಸ್ತೆ ಬರುತ್ತೆ. ಎರಡು ವರ್ಷ ತಾಳಿ, ಬೆಲೆ ನೋಡಿ” ಎಂದ. ಹೊಲ ಮಾರಿದ್ದ ರೈತ ಬದುವಿನ ಮೇಲೆ ನಿಂತಿದ್ದ. “ರಸ್ತೆಯ ಸುದ್ದಿ ನನಗ್ಯಾರೂ ಹೇಳಲಿಲ್ವಲ್ಲ ಸ್ವಾಮಿ” ಎಂದಷ್ಟೇ ಅಂದ. ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ಮರುವಾರ ಪತ್ರಕ್ಕೆ ರುಜು ಹಾಕಿದೆ.

ಆ ರಾತ್ರಿ ಷಾನ ನಾಟಕವನ್ನು ಮತ್ತೆ ಓದಿದೆ. ಟ್ರೆಂಚ್ ದುರ್ಬಲ ಪಾತ್ರ, ಅವನ ಮನಸ್ಸು ಅಷ್ಟು ಬೇಗ ಬದಲಾಗುವುದು ಸಹಜವಲ್ಲ ಎಂದು ವರ್ಷಗಟ್ಟಲೆ ಪಾಠ ಹೇಳಿದವನು ನಾನು. ಆ ಮಾತನ್ನು ಈಗ ಹಿಂತೆಗೆದುಕೊಳ್ಳುತ್ತಿದ್ದೇನೆ.